ಮುಚ್ಚಿದ ಖೋಲಿಯೊಳಗೆ ನನ್ನ ಧ್ವನಿ

ಪಾಲಬಾವಿಯ ಹತ್ತಿರದ ಕನ್ನಡ ಶಾಲೆಯಲ್ಲಿ ಬಹಳ ವರ್ಷ ಕಲಿಸಿದ ಮೇಲೆ ನನಗೆ ಐನಾಪುರದಾಚೆಯ ಗಡಿಯೂರೊಂದಕ್ಕೆ ವರ್ಗವಾಯಿತು. ಐನಾಪುರದಲ್ಲಿ ಬಾಡಿಗೆ ಮನೆ ಹಿಡಿದೆ. ದಿನಾ ಮುಂಜಾನೆ ಬಸ್ಸಿಳಿದು ಕಬ್ಬಿನ ನಡುವಿನ ಕಚ್ಚಾ ರಸ್ತೆಯಲ್ಲಿ ನಡೆದು ಶಾಲೆ ಮುಟ್ಟುತ್ತಿದ್ದೆ. ಜೂನ್‌ನಲ್ಲಿ ಸೊಂಟದಷ್ಟಿದ್ದ ಕಬ್ಬು ದಸರಾ ಹೊತ್ತಿಗೆ ತಲೆ ಮೀರಿ ಬೆಳೆದು, ರಸ್ತೆ ಒಂದು ಓಣಿಯ ಹಾಗೆ ಆಗಿಬಿಟ್ಟಿತ್ತು. ಕಬ್ಬಿನೊಳಗೆ ಯಾರೋ ಮಾತಾಡುತ್ತಾ ಜೊತೆಗೇ ಬರುತ್ತಿದ್ದಾರೆ ಅನಿಸಿ ನಿಲ್ಲುತ್ತಿದ್ದೆ. ನಿಂತರೆ ಗಾಳಿ ಅಷ್ಟೇ.

ಶಾಲೆಯಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ಶುರುವಾಗಿ, ಮೊದಲ ತಂಡದ ಮಕ್ಕಳು ನಾಲ್ಕನೇ ತರಗತಿಗೆ ಬಂದಿದ್ದರು. ಅವರು ನನ್ನ ಪಾಲಿಗೆ ಬಂದರು. ಮುಖ್ಯ ಗುರುಗಳನ್ನು ಎಲ್ಲರೂ ಹೆಡ್ ಸರ್ ಎನ್ನುತ್ತಿದ್ದರು. ಅವರು ಮೊದಲ ದಿನವೇ ತಮ್ಮ ನಿಯಮ ಹೇಳಿದರು. ಈ ವಿಭಾಗದೊಳಗೆ ಇಂಗ್ಲಿಷ್, ಉಳಿದ ತರಗತಿಗಳಲ್ಲಿ ಕನ್ನಡ, ಮರಾಠಿ ಮಾತ್ರ ಗೇಟಿನಿಂದ ಹೊರಗೆ. ಅವರ ಸ್ವಂತ ಮನೆಮಾತು ಮರಾಠಿಯೇ. ಚಿಕ್ಕವರಿದ್ದಾಗ ಕನ್ನಡ ಬಾರದೆ ತಾವು ಪಟ್ಟ ಪಾಡು ಈ ಮಕ್ಕಳು ಪಡಬಾರದು ಎಂಬುದು ಅವರ ವಾದವಾಗಿತ್ತು. ಅವರು ಕೆಟ್ಟವರಲ್ಲ. ಮಕ್ಕಳ ಮೇಲೆ ಕೈ ಎತ್ತಿದ್ದನ್ನು ನಾನು ಕಂಡಿಲ್ಲ.

ಮೊದಲ ಪಾಠ ಓದಿಸಿದ ದಿನ ನನಗೆ ಖುಷಿಯಾಯಿತು. ಬಾವಿಯ ಪಾಠ ತೆಗೆಯಿರಿ ಎಂದೊಡನೆ ಎಲ್ಲರೂ ಒಂದೇ ಕೊರಳಿನಲ್ಲಿ, ಒಂದು ಅಕ್ಷರ ತಪ್ಪದೆ, ಬೆರಳನ್ನು ಸಾಲಿನ ಕೆಳಗೆ ಸರಿಸುತ್ತಾ ಇಂಗ್ಲಿಷ್ ಓದಿದರು. ನಾನು ಸಾಲುಗಳ ನಡುವೆ ನಡೆದೆ. ಒಂದು ಮಗುವಿನ ಪುಸ್ತಕದಲ್ಲಿ ರೈಲಿನ ಚಿತ್ರ ಕಂಡಿತು. ಅದರ ಪಕ್ಕದ ಮಗುವಿನದರಲ್ಲಿ ಹಣ್ಣಿನ ಬುಟ್ಟಿ. ಒಬ್ಬೊಬ್ಬರು ಒಂದೊಂದು ಪುಟ ತೆಗೆದು ಕೂತಿದ್ದರು. ಬಾವಿಯ ಪಾಠ ಮಾತ್ರ ಅವರ ಬಾಯಿಂದ ಸರಾಗವಾಗಿ ಬರುತ್ತಲೇ ಇತ್ತು, ಬೆರಳುಗಳು ರೈಲಿನ ಸಾಲಿನ ಮೇಲೂ ಹಣ್ಣಿನ ಸಾಲಿನ ಮೇಲೂ ಸರಿಯಾಗಿ ಓಡುತ್ತಿದ್ದವು. ನಾನು ನಿಲ್ಲಿಸಿ ಎಂದೆ. ಅವರು ನಿಲ್ಲಲಿಲ್ಲ. ಪಾಠ ಮುಗಿದ ಮೇಲೆಯೇ ನಿಂತರು. ಆಮೇಲೆ ನನ್ನನ್ನು ನೋಡಿ, ಥ್ಯಾಂಕ್ಯೂ ಮಿಸ್ ಎಂದು ಒಟ್ಟಿಗೆ ಹೇಳಿದರು. ಬಾವಿ ಎಂದರೆ ಏನು ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಒಬ್ಬರೂ ಉಸಿರೆತ್ತಲಿಲ್ಲ. ಹಾಗೆ ನೋಡಿದರೆ ಶಾಲೆಯ ಗೋಡೆಗೆ ತಾಗಿಯೇ ಒಂದು ಬಾವಿ ಇತ್ತು.

ಆ ತರಗತಿಯಲ್ಲಿ ಒಬ್ಬಳೇ ಒಬ್ಬ ಹುಡುಗಿ ಆ ಸಾಮೂಹಿಕ ಓದಿನಲ್ಲೂ ತುಟಿ ಬಿಚ್ಚುತ್ತಿರಲಿಲ್ಲ. ಮನೆಯವರು ಆಡು ಸಾಕುವವರು, ತಂದೆ ಸಕ್ಕರೆ ಕಾರ್ಖಾನೆಯಲ್ಲಿ ಪಗಾರದ ಕೆಲಸಕ್ಕಿದ್ದ. ಹಿಂದಿನ ಸಾಲಿನಲ್ಲಿ ಕೂತು, ನಾನು ಮಾತಾಡುವಾಗ ಹಲಗೆ ನೋಡದೆ ನನ್ನ ಬಾಯನ್ನೇ ನೋಡುತ್ತಿದ್ದಳು. ಕಣ್ಣು ಮಿಟುಕಿಸದೆ ನೋಡುವ ಅವಳ ನೋಟಕ್ಕೆ ನಾನು ಎಷ್ಟೋ ಸಲ ಮಾತು ತಡವರಿಸಿದ್ದುಂಟು. ಹೆಸರು ಕೂಗಿದರೆ ಕೈ ಎತ್ತುತ್ತಿದ್ದಳು. ಧ್ವನಿ ಇಲ್ಲ.

ಶಾಲೆಯ ಸಾಲಿನ ಕೊನೆಗೆ ಬೀಗ ಜಡಿದ ಒಂದು ಖೋಲಿ ಇತ್ತು. ಹಿಂದೆ ಅಲ್ಲಿ ಮರಾಠಿ ಶಾಲೆ ನಡೆಯುತ್ತಿತ್ತಂತೆ. ಮಕ್ಕಳು ಕಡಿಮೆಯಾಗಿ ಮುಚ್ಚಿಹೋಗಿತ್ತು. ಬೀಗಕ್ಕೆ ತುಕ್ಕು ಹಿಡಿದು ಅದು ಬಾಗಿಲಿನದೇ ಒಂದು ಭಾಗದಂತಾಗಿತ್ತು. ಖೋಲಿಯ ಹಿಂದೆ ಗೋಡೆಗೆ ಹತ್ತಿಕೊಂಡೇ ಕಬ್ಬು.

ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ನಳದ ಹತ್ತಿರ ಡಬ್ಬಿ ತೊಳೆಯುತ್ತಿದ್ದೆ. ಬಿಸಿಲು ನೆತ್ತಿಯ ಮೇಲಿತ್ತು, ಮೈದಾನ ಖಾಲಿಯಾಗಿತ್ತು. ಆ ಬೀಗದ ಖೋಲಿಯೊಳಗಿಂದ ಒಬ್ಬ ಹೆಂಗಸು ಪಾಠ ಮಾಡುವ ಸದ್ದು ಬಂತು. ಶಬ್ದ ತಿಳಿಯಲಿಲ್ಲ, ಪಾಠ ಎಂಬುದು ಮಾತ್ರ ಗೊತ್ತಾಯಿತು. ಒಂದು ಮಾತು ಹೇಳಿ, ತಡೆದು, ಮತ್ತೆ ಅದನ್ನೇ ನಿಧಾನವಾಗಿ ಹೇಳುವ ಏರಿಳಿತ ಶಿಕ್ಷಕರಿಗೆ ಎಲ್ಲಿದ್ದರೂ ಗುರುತು ಸಿಗುತ್ತದೆ. ನಾನು ನಳ ಬಂದ್ ಮಾಡಿದೆ. ಸದ್ದೂ ನಿಂತಿತು.

ಬಿಸಿಯೂಟದ ಅಡುಗೆ ಮಾಡುವ ಹೆಂಗಸನ್ನು ಎಲ್ಲರೂ ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದರು. ಅವರನ್ನು ಕೇಳಿದೆ. ಅವರು ಪಾತೇಲಿ ತಿಕ್ಕುತ್ತಾ, ಆ ಖೋಲಿಯಲ್ಲಿ ಕಲಿಸುತ್ತಿದ್ದ ಮರಾಠಿ ಬಾಯಿ ಶಾಲೆ ಮುಚ್ಚಿದ ವರ್ಷವೇ ತೀರಿಕೊಂಡರು ಎಂದರು. ಗಡಿಯ ಈ ಕಡೆಯೂ ಆ ಕಡೆಯೂ ಮರಾಠಿ ಶಾಲೆಯ ಶಿಕ್ಷಕಿಯನ್ನು ಬಾಯಿ ಎಂದೇ ಕರೆಯುವುದು. ಮಾವಶಿಯೂ ಆ ಬಾಯಿಯ ಹತ್ತಿರವೇ ಅಕ್ಷರ ಕಲಿತವರು. ಬಾಯಿ ಇನ್ನೂ ಪಾಠ ಬಿಟ್ಟಿಲ್ಲ, ನಮಗೇನು ತ್ರಾಸ ಕೊಡುವುದಿಲ್ಲ, ಅತ್ತ ಹೋಗಬೇಡಿರಿ ಎಂದು, ಹಾಲಿನವನು ಇವತ್ತು ಬಂದಿಲ್ಲ ಎನ್ನುವಷ್ಟೇ ಸಾದಾ ಹೇಳಿದರು.

ನಾನು ಅಂಜುಬುರುಕಿಯಲ್ಲ ಎಂದುಕೊಂಡಿದ್ದವಳು. ಆದರೂ ಆಮೇಲೆ ಕೆಲವು ದಿನ ಡಬ್ಬಿ ತೊಳೆಯದೆ ಮನೆಗೆ ಒಯ್ದೆ.

ಆ ತಿಂಗಳು ಚಿಕ್ಕೋಡಿಯಲ್ಲಿ ಶಿಕ್ಷಕರ ತರಬೇತಿ ಇತ್ತು. ಯಾವ ಭಾಷೆಯಲ್ಲಿ ಕಲಿಸಬೇಕು ಎಂಬ ಚರ್ಚೆ ಬಂದಾಗ ಸಭೆ ಬಿಸಿಯಾಯಿತು. ಅಥಣಿಯಿಂದ ಬಂದ ಒಬ್ಬ ಮಾಸ್ತರರು, ಮೊದಲು ಕನ್ನಡ ಗಟ್ಟಿಯಾಗಲಿ, ಇಂಗ್ಲಿಷ್ ಆಮೇಲೆ ತಾನೇ ಬರುತ್ತದೆ ಎಂದರು. ರಾಯಬಾಗದವರೊಬ್ಬರು, ಪಾಲಕರು ಇಂಗ್ಲಿಷ್ ಬೇಡಿ ಬರುತ್ತಿರುವುದರಿಂದಲೇ ಸರಕಾರಿ ಶಾಲೆಯ ಬಾಗಿಲು ತೆರೆದಿದೆ, ಇಲ್ಲವಾದರೆ ಖಾಸಗಿ ಶಾಲೆಯ ಹಳದಿ ಬಸ್ಸು ಹತ್ತುತ್ತಾರೆ ಎಂದರು. ಮನೆಮಾತಿನಲ್ಲಿ ನಾಲ್ಕು ಮಾತಾಡಿದರೆ ತಪ್ಪೇನು ಎಂದು ನಾನು ಕೇಳಿದೆ. ತಪ್ಪಿಲ್ಲ, ಆದರೆ ಗಡಿಯ ಶಾಲೆಯಲ್ಲಿ ಮರಾಠಿ ಮಾತಾಡಿದರೆ ಪಾಠ ಎನ್ನುವುದಿಲ್ಲ, ರಾಜಕಾರಣ ಅನ್ನುತ್ತಾರೆ ಎಂದು ಯಾರೋ ಹಿಂದಿನಿಂದ ಹೇಳಿದರು. ಎಲ್ಲರೂ ನಕ್ಕರು, ವಿಷಯ ಅಲ್ಲಿಗೇ ನಿಂತಿತು.

ಚಹಾದ ಹೊತ್ತಿನಲ್ಲಿ ನಿಪ್ಪಾಣಿಯ ಹಿರಿಯ ಶಿಕ್ಷಕಿಯೊಬ್ಬರು ನನ್ನ ಹತ್ತಿರ ಬಂದು ನಿಂತರು. ತಮ್ಮ ತರಗತಿಯಲ್ಲಿ ಪ್ರತಿ ವಾಕ್ಯ ಮುಗಿದ ಮೇಲೆ ಒಂದು ಗುಂಯ್ಗುಡುವ ಸದ್ದು ಮುಂದಿನ ಸಾಲಿನಿಂದ ಹಿಂದಿನ ಸಾಲಿಗೆ ಹರಿದುಹೋಗುತ್ತಿತ್ತು, ತಿರುಗಿ ನೋಡಿದರೆ ಯಾರ ತುಟಿಯೂ ಅಲುಗುತ್ತಿರಲಿಲ್ಲ ಎಂದರು. ಕಿವಿ ಕೆಟ್ಟಿತೆಂದು ಬೆಳಗಾವಿಗೆ ಹೋಗಿ ಡಾಕ್ಟರಿಗೂ ತೋರಿಸಿದ್ದರಂತೆ.

"ಕಿವಿ ಚೊಲೋ ಇದ್ವು," ಎಂದರು. "ಹುಡುಗ್ರು ನಾ ಹೇಳಿದ್ದನ್ನ ಒಬ್ಬರಿಗೊಬ್ರು ಮನೀ ಮಾತಿನ್ಯಾಗ ದಾಟಸಾಕತ್ತಿದ್ರು. ತುಟಿ ಮುಚ್ಚಿಕೊಂಡ. ನಮಗ ಸಿಗಬಾರದಂತ ಹಂಗ ಮಾತಾಡೂದು ಕಲತಾರ ನೋಡ್ರಿ."

ಅವರ ಮುಖದಲ್ಲಿ ನಗೆ ಇರಲಿಲ್ಲ. 

ತಿರುಗಿ ಬಂದ ವಾರ ನೀರಿನ ಪಾಠ. ಹಲಗೆಯ ಮೇಲೆ 'ಇವ್ಯಾಪೊರೇಷನ್' ಎಂದು ಇಂಗ್ಲಿಷಿನಲ್ಲಿ ಬರೆದು, ಸೂರ್ಯ, ಕೆರೆ, ಮೋಡದ ಚಿತ್ರ ತೆಗೆದು, ಹೇಳಿದ್ದನ್ನೇ ಹೇಳಿದೆ. ಮಕ್ಕಳು ಚಂದಾಗಿ ಒಪ್ಪಿಸಿದರು. ತಿಳಿಯಿತೇ ಎಂದರೆ ಯೆಸ್ ಮಿಸ್ ಎಂದರು. ಆ ಹುಡುಗಿ ನನ್ನ ತುಟಿ ನೋಡುತ್ತಿದ್ದಳು.

ಮಧ್ಯಾಹ್ನ ಮತ್ತೆ ಆ ಸದ್ದು ಬಂತು. ಈ ಸಲ ನಾನು ಚಪ್ಪಲಿ ಕಳಚಿಟ್ಟು ಹತ್ತಿರ ಹೋದೆ. ಮಾತು ಸ್ಪಷ್ಟವಾಯಿತು. ಆ ಧ್ವನಿ ನನ್ನದಾಗಿತ್ತು.

ನನ್ನ ಹಾಗೆ ಇತ್ತು ಎಂದರೆ ಸಾಲದು. ವಾಕ್ಯದ ಕೊನೆಗೆ ನಾನು ಎಳೆಯುವ ರಾಗ, ಸೀಮೆಸುಣ್ಣದ ಪುಡಿಗೆ ಗಂಟಲು ಕಟ್ಟಿ ನಡುವೆ ಕೆಮ್ಮುವ ಕೆಮ್ಮು, "ಹೂಂ, ಮುಂದ?" ಎಂದು ಕೇಳುವ ಪರಿ, ಎಲ್ಲ ನನ್ನವೇ. ಆ ನನ್ನ ಧ್ವನಿ, ನಡುನಡುವೆ ಈ ಕಡೆಯ ಕನ್ನಡ ಬೆರೆಸಿ, ಮರಾಠಿ ಮಾತಾಡುತ್ತಿತ್ತು. ನನಗೆ ಸಂತೆಯಲ್ಲಿ ಬದನೆಕಾಯಿ ಕೊಳ್ಳುವಷ್ಟು ಮರಾಠಿ ತಿಳಿಯುತ್ತದೆ, ಮಾತಾಡಲು ಬರುವುದಿಲ್ಲ. ನನಗೆ ಬಾರದ ಭಾಷೆಯಲ್ಲಿ ನಾನೇ ಒಳಗೆ ನಿಂತು ಪಾಠ ಮಾಡುತ್ತಿದ್ದೆ. 

"ಇವ್ಯಾಪೊರೇಷನ್ ಮ್ಹಣಜೆ ವಾಫ," ಎಂದಿತು ಆ ಧ್ವನಿ. "ಮಾವಶಿ ಅನ್ನ ಬಾಗಸುವಾಗ ಪಾತೇಲಿ ಮ್ಯಾಲ ಉಗಿ ಏಳತೈತಲ್ಲ, ತೀಚ. ಹೂಂ, ಮುಂದ?"

"ಹೋ ಬಾಯಿ," ಎಂದು ಸಣ್ಣ ಕೊರಳುಗಳು ಹೂಂಗುಟ್ಟಿದವು.

ಗೋಡೆ ಹಿಡಿದು ಹಿಂಬದಿಗೆ ನಡೆದೆ. ಕಬ್ಬಿನ ಕಡೆಯ ಕಿಟಕಿಗೆ ಒಂದು ಸರಳು ಇರಲಿಲ್ಲ, ಮಕ್ಕಳು ನುಸುಳುವಷ್ಟು ಜಾಗ. ಒಳಗೆ ದೂಳಿನ ನೆಲದ ಮೇಲೆ ನನ್ನದೇ ತರಗತಿಯ ಮಕ್ಕಳು ಸಾಲಾಗಿ ಕೂತಿದ್ದರು. ಹಲಗೆಯ ಕೆಳಭಾಗ ಅವರ ಗೀಚಾಟದಿಂದ ತುಂಬಿತ್ತು. ಕೈಗೆ ಎಟುಕದ ಎತ್ತರದಲ್ಲಿ, ತೀರಿಹೋದ ಬಾಯಿ ಬರೆದ ಮರಾಠಿ ಕಾಗುಣಿತ ಒರೆಸದೆ ಹಾಗೇ ಉಳಿದಿತ್ತು. ಹಲಗೆಯ ಮುಂದೆ, ನನಗೆ ಬೆನ್ನು ಮಾಡಿ, ಆ ಮಾತಾಡದ ಹುಡುಗಿ ನಿಂತಿದ್ದಳು.

ಮಕ್ಕಳು ನನ್ನನ್ನು ನೋಡಿದರು. ಯಾರೂ ಎದ್ದು ಓಡಲಿಲ್ಲ, ಯಾರೂ ಗಾಬರಿಯಾಗಲಿಲ್ಲ. ಕಿಟಕಿಯಲ್ಲಿ ನಾನು ಇಲ್ಲವೇನೋ ಎಂಬಂತೆ ನೋಡಿದರು. ಹುಡುಗಿ ತಿರುಗಿದಳು. ನನ್ನ ಕಣ್ಣಲ್ಲಿ ಕಣ್ಣಿಟ್ಟು, ತಡವಾಗಿ ಬರುವ ಮಕ್ಕಳಿಗೆ ನಾನು ದಿನಾ ಹೇಳುವ ಮಾತನ್ನು, ನನ್ನ ಧ್ವನಿಯಲ್ಲೇ ಹೇಳಿದಳು.

"ತಡಾ ಆತಲ್ಲ. ಹೋಗ, ಕುಂಡ್ರ."

ಏಕೆ ಹಾಗೆ ಮಾಡಿದೆನೋ ಈಗಲೂ ಹೇಳಲಾರೆ. ನಾನು ಕಿಟಕಿಯ ಕೆಳಗೆ, ಕಬ್ಬಿನ ಒಣಗರಿ ರವದಿಯ ಮೇಲೆ ಕೂತೆ. ಪಾಠ ಮುಗಿಯುವವರೆಗೆ ಕೂತೆ. ಮೋಡ ಹೇಗಾಗುತ್ತದೆ ಎಂಬುದನ್ನು ಆ ದಿನ ನಾನು ಅಷ್ಟು ಚೆನ್ನಾಗಿ ಕೇಳಿದೆ. ಗಂಟೆಯಾದ ಮೇಲೆ ಮಕ್ಕಳು ಒಬ್ಬೊಬ್ಬರಾಗಿ ಕಿಟಕಿಯಿಂದಿಳಿದು, ನನ್ನ ಪಕ್ಕದಿಂದಲೇ ಹಾದುಹೋದರು. ತರಗತಿಗೆ ಹೋದಾಗ ಎಲ್ಲರೂ ತಮ್ಮ ತಮ್ಮ ಜಾಗದಲ್ಲಿದ್ದು, ಗುಡ್ ಆಫ್ಟರ್‌ನೂನ್ ಮಿಸ್ ಎಂದರು. ಅವಳು ಹಿಂದಿನ ಸಾಲಿನಲ್ಲಿ ತುಟಿ ಮುಚ್ಚಿ ಕೂತಿದ್ದಳು.

ಹೆಡ್ ಸರ್‌ಗೆ ಹೇಳಲಿಲ್ಲ. ಹೇಳಿದರೆ ಕಿಟಕಿ ಮುಚ್ಚಿಸುತ್ತಾರೆಂದು ಗೊತ್ತಿತ್ತು.

ಅದಾದ ಮೇಲೆ ಅವಳ ತಂದೆ ಶಾಲೆಗೆ ಬಂದ. ಕಾರ್ಖಾನೆಯ ಸಮವಸ್ತ್ರದಲ್ಲೇ ಇದ್ದ, ಬಾಗಿಲಲ್ಲಿ ನಿಂತು ಒಳಗೆ ಬರಲು ಹಿಂಜರಿದ. ಮಗಳು ಮನೆಯಲ್ಲೂ ತನ್ನ ಮಾತು ಬಿಟ್ಟಿದ್ದಾಳೆ ಎಂದ. ಆಡು ಮೇಯಿಸುವಾಗ, ಊಟಕ್ಕೆ ಕೂತಾಗ ಒಬ್ಬ ದೊಡ್ಡ ಹೆಂಗಸಿನ ಧ್ವನಿಯಲ್ಲಿ ಮಾತಾಡುತ್ತಾಳಂತೆ. ಅಜ್ಜಿ ಹೆದರಿ ದೃಷ್ಟಿ ತೆಗೆಸಿದ್ದಾಳೆ, ದೇವರ ಬೂದಿ ಅಂಗಾರ ಹಚ್ಚಿದ್ದಾಳೆ, ಗುಣವಾಗಿಲ್ಲ. ಮೊದಲು ಅದು ಯಾರ ಧ್ವನಿ ಎಂದು ಮನೆಯವರಿಗೆ ತಿಳಿದಿರಲಿಲ್ಲ.

"ಈಗ ನೀವು ಮಾತಾಡಿದ್ಮ್ಯಾಲ ತಿಳೀತ್ರಿ," ಎಂದು ನನ್ನನ್ನು ನೋಡದೆ ನೆಲ ನೋಡಿದ. "ಬೈಯಾಕ ಬಂದಿಲ್ರಿ. ಇಂಗ್ಲಿಷ್ ಬರಲಿ ಅಂತ ನಾವ ಹಾಕೇವಿ. ಖರೆ ನಮ್ಮ ಹುಡುಗಿ ಧ್ವನಿ ಹ್ಯಾಂಗಿತ್ತಂತ ನಮಗ ಮರತ ಹೋಗಾಕತ್ತೈತ್ರಿ."

ಅವನು ಹೋದ ಮೇಲೆ ಉಳಿದ ಅವಧಿಗೆಲ್ಲ ಮಕ್ಕಳಿಗೆ ಬರೆಯುವ ಕೆಲಸ ಕೊಟ್ಟೆ. ಮಾತಾಡಿದರೆ ನನ್ನ ಧ್ವನಿ ಕೇಳಬೇಕಲ್ಲ ಎಂದು.

ಮರುದಿನದಿಂದ ಪಾಠ ಬದಲಿಸಿದೆ. ಹೊಸ ಶಬ್ದ ಬಂದಾಗಲೆಲ್ಲ ಪುಸ್ತಕ ಮುಚ್ಚಿ, ಇದಕ್ಕೆ ನಿಮ್ಮ ಮನೆಯಲ್ಲಿ ಏನಂತೀರಿ ಎಂದು ಕೇಳತೊಡಗಿದೆ. ಮೊದಮೊದಲು ತರಗತಿ ಸುಮ್ಮನಿರುತ್ತಿತ್ತು. ಅದು ತಿಳಿಯದ ಮೌನವಾಗಿರಲಿಲ್ಲ, ಇದು ಏನೋ ಹಿಡಿಯುವ ಬಲೆ ಎಂದು ಕಾಯುವ ಮೌನ. ಹಾಗಾಗಿ ನಾನೇ ನನ್ನ ಮುರುಕು ಮರಾಠಿಯಲ್ಲಿ ತಪ್ಪು ತಪ್ಪು ಹೇಳುತ್ತಿದ್ದೆ. ಒಂದು ದಿನ ಬಕೆಟ್ಟಿಗೆ ಏನೋ ಅಂದೆ, ಮುಂದಿನ ಸಾಲು ತಡೆಯಲಾರದೆ ನಕ್ಕು ತಿದ್ದಿತು. ಆಮೇಲೆ ಶಬ್ದಗಳು ಬರತೊಡಗಿದವು. ಕೆಲವು ಮರಾಠಿ, ಕೆಲವು ನಮ್ಮ ಕಡೆಯ ಕನ್ನಡ, ಕೆಲವು ಎರಡೂ ಅಲ್ಲದವು. ಹಲಗೆಯ ಮೇಲೆ ಎಲ್ಲವನ್ನೂ ಬರೆದು ಪಕ್ಕದಲ್ಲಿ ಇಂಗ್ಲಿಷ್ ಬರೆಯುತ್ತಿದ್ದೆ.

ನೆರಳಿನ ಪಾಠದ ದಿನ ಎಲ್ಲರನ್ನೂ ಮೈದಾನಕ್ಕೆ ಕರೆದೊಯ್ದು ನಿಲ್ಲಿಸಿದೆ. ಇಳಿಬಿಸಿಲಿಗೆ ಅವರ ನೆರಳುಗಳು ಉದ್ದವಾಗಿ ಕಬ್ಬಿನವರೆಗೆ ಚಾಚಿದ್ದವು. ಇದಕ್ಕೆ ಏನಂತೀರಿ ಎಂದೆ. ಯಾರೂ ಹೇಳುವ ಮೊದಲೇ ಹಿಂದಿನಿಂದ ಒಂದು ಒಡಕು, ಒರಟು, ತೀರಾ ಸಣ್ಣ ಧ್ವನಿ ಬಂತು.

"ಸಾವಲಿ."

ಮಕ್ಕಳೆಲ್ಲ ತಿರುಗಿದರು. ಅವರೂ ಆ ಧ್ವನಿಯನ್ನು ಮೊದಲ ಸಲ ಕೇಳುತ್ತಿದ್ದರು. ಖೋಲಿಯಲ್ಲಿ ಆ ಹುಡುಗಿಯೆದುರು ಅಂಜದೆ ಕೂತಿದ್ದ ಮಕ್ಕಳು ಈಗ ಒಂದು ಹೆಜ್ಜೆ ಹಿಂದೆ ಸರಿದರು. ಅವಳೂ ತನ್ನ ಗಂಟಲು ಮುಟ್ಟಿ ನೋಡಿಕೊಂಡಳು. ಹಾಂ, ಸಾವಲಿ, ಎಂದು ನಾನು ಮೆಲ್ಲಗೆ ಹೇಳಿ, ಇಂಗ್ಲಿಷಿನಲ್ಲಿ ಶ್ಯಾಡೋ ಎಂದೆ. ಅವಳು ಶ್ಯಾಡೋ ಎಂದಳು, ಅದೇ ಒಡಕು ಧ್ವನಿಯಲ್ಲಿ.

ನಿಧಾನವಾಗಿ ಮಧ್ಯಾಹ್ನದ ಖೋಲಿ ಬರಿದಾಯಿತು. ನಾನು ಹೋಗಿ ನೋಡಿದಾಗ ನೆಲದ ಮೇಲೆ ಮಕ್ಕಳು ಕೂತ ಗುರುತಿನ ಮೇಲೆ ದೂಳು ಮತ್ತೆ ಕೂಡಿತ್ತು. ಮಾವಶಿ ಮಾತ್ರ ಈಗಲೂ ಪಾಠ ಕೇಳುತ್ತದೆ ಎನ್ನುತ್ತಾರೆ. ಆ ಧ್ವನಿ ಹೇಗಿದೆ ಎಂದರೆ, ನಿಮ್ಮದಲ್ಲ ಬಿಡ್ರಿ, ಎನ್ನುತ್ತಾರೆ. ಅವರೊಡನೆ ನಾನು ವಾದಕ್ಕೆ ಹೋಗಿಲ್ಲ.

ಆ ವರ್ಷ ತಪಾಸಣೆಗೆ ಬಂದ ಅಧಿಕಾರಿ ನನ್ನ ಹಲಗೆ ನೋಡಿ, ಮಾಧ್ಯಮ ಪಾಲನೆಯಾಗುತ್ತಿಲ್ಲ ಎಂದು ಹೆಡ್ ಸರ್ ಎದುರಿಗೆ ಹೇಳಿ ಹೋದರು. ಹೆಡ್ ಸರ್ ನನ್ನನ್ನು ಕರೆದರು. ಸಿಟ್ಟಾಗುತ್ತಾರೆಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಒರೆಸುತ್ತಾ, ಬಾಗಿಲು ಮುಚ್ಚಿಕೊಂಡು ಕಲಿಸಿರಿ, ಎಂದಷ್ಟೇ ಹೇಳಿದರು. ಹಾಗೇ ಕಲಿಸುತ್ತಿದ್ದೇನೆ.

ಹುಡುಗಿ ಮುಂದಿನ ತರಗತಿಗೆ ಹೋದ ಮೇಲೆ, ಒಂದು ಸಂಜೆ ಆಡು ಹೊಡೆದುಕೊಂಡು ರಸ್ತೆಯಲ್ಲಿ ಎದುರಾದಳು. ಈಗ ಮಾತು ಜಾಸ್ತಿ, ಹೊಸ ಶಿಕ್ಷಕರು ಬೈದು ಕೂರಿಸುತ್ತಾರಂತೆ. ಕೇಳಬೇಕೋ ಬೇಡವೋ ಎನ್ನುತ್ತಲೇ, ಆವಾಗ ನನ್ನ ಧ್ವನಿಯಲ್ಲಿ ಯಾಕೆ ಮಾತಾಡುತ್ತಿದ್ದೆ ಎಂದು ಕೇಳಿದೆ. ಅವಳು ನನ್ನನ್ನು, ಇದೂ ಗೊತ್ತಿಲ್ಲವೇ ಎಂಬಂತೆ ನೋಡಿದಳು.

"ಸಾಲ್ಯಾಗ ಮಾತಾಡೂ ಧ್ವನಿ ನಿಮ್ಮದ ಅಲ್ಲೇನ್ರಿ?" ಎಂದಳು. "ನಂದು ಮನ್ಯಾಗಿಂದ ಅಂತ ತಿಳದಿದ್ನಿರಿ. ಆಮ್ಯಾಲ ಮನ್ಯಾಗೂ ನಿಮ್ಮದ ಬರಾಕತ್ತಿತ್ರಿ."

ಆಡುಗಳು ಕಬ್ಬಿಗೆ ಬಾಯಿ ಹಾಕಿದವು. ಅವಳು ಹಚಾ ಎಂದು ಕೂಗುತ್ತಾ ಅವುಗಳ ಹಿಂದೆ ಓಡಿದಳು. ನನಗೆ ಬಸ್ಸಿನ ಹೊತ್ತಾಗಿತ್ತು, ನಡೆದೆ.