ನರ್ಸಬಾಯಿ ನೋಡಿದ ಬಣ್ಣ

ಎಪ್ಪತ್ತರ ದಶಕದಲ್ಲಿ ನೇಸರಗಿಯ ನಮ್ಮ ಓಣಿಯ ಹೆಂಗಸರು ಅತ್ತೆಗೆ ಅಂಜದಿದ್ದರೂ ಸರಕಾರಿ ದವಾಖಾನೆಯ ನರ್ಸಬಾಯಿಯ ಹೆಬ್ಬೆರಳಿಗೆ ಅಂಜುತ್ತಿದ್ದರು. ಸಂತೆ, ಮದುವೆ, ಬಸ್ಸು, ಎಲ್ಲಿ ಸಿಕ್ಕರೂ ಸರಿ, ಅದು ಎದುರಿನವರ ಕಣ್ಣಿನ ಕೆಳರೆಪ್ಪೆಯನ್ನು ಮೆಲ್ಲಗೆ ಜಗ್ಗುತ್ತಿತ್ತು. ಒಳಗೆ ಕೆಂಪಿರದಿದ್ದರೆ ರಕ್ತ ಕಡಿಮೆ ಎಂದು ಕಬ್ಬಿಣದ ಗುಳಿಗೆ ಕೊಡುತ್ತಿದ್ದರು. ಅದು ಹೊಟ್ಟೆ ಕಟ್ಟುತ್ತದೆಂದು ಕೆಲವರು ಗುಳಿಗೆ ತಪ್ಪಿಸಿಕೊಳ್ಳಲು ಉಗುರಿಗೆ ಮದರಂಗಿ ಹಚ್ಚಿ, ಎಲೆಯಡಿಕೆ ಮೆದ್ದು ನಾಲಿಗೆ ಕೆಂಪು ಮಾಡಿಕೊಂಡೇ ಎದುರಾಗುತ್ತಿದ್ದರು.

"ಕಣ್ಣೊಳಗ ಮದರಂಗಿ ಹಚ್ಚಾಕ ಬರೂದಿಲ್ಲ. ಮ್ಯಾಲೆ ನೋಡ ತಂಗಿ," ಎನ್ನುತ್ತಿದ್ದರು ನರ್ಸಬಾಯಿ.

ನನ್ನನ್ನು ನೋಡಲು ರಾಮದುರ್ಗದಿಂದ ಗಂಡಿನ ಕಡೆಯವರು ಬಂದ ದಿನ ಅವ್ವ ನರ್ಸಬಾಯಿಯನ್ನೂ ಕರೆದಿದ್ದಳು. ಅವಳದೇ ತಪ್ಪು. ಹುಡುಗನ ತಾಯಿ ನನ್ನನ್ನು ನೋಡಿ ಹಿಗ್ಗಿದರು.

"ಕನ್ಯಾ ಏನ ಬೆಳ್ಳಗ ಅದಾಳರಿ, ಹಾಲಿನಂಗ."

ನರ್ಸಬಾಯಿ ಅವಲಕ್ಕಿಯ ತಾಟು ಕೆಳಗಿಟ್ಟು ಎದ್ದು ಬಂದರು.

"ಮ್ಯಾಲೆ ನೋಡ ತಂಗಿ," ಎಂದು ನನ್ನ ರೆಪ್ಪೆ ಜಗ್ಗಿದರು. "ಇದು ಬಣ್ಣ ಅಲ್ಲರಿ, ಹುಡುಗಿ ಬಿಳಚಿಕೊಂಡಾಳ. ಒಂದಿಷ್ಟು ದಿನ ಗುಳಿಗಿ ತಗೊಂಡ್ಲಂದ್ರ ತನ್ನ ಬಣ್ಣಕ್ಕ ಬರ್ತಾಳ. ಆವಾಗ ಬಂದು ನೋಡ್ರಿ."

ಅವ್ವ ಬಾಗಿಲಿಗೆ ಒರಗಿ ನಿಂತಳು. ಸಂಬಂಧ ಮುರಿಯಿತೆಂದು ನಾನು ತಲೆ ತಗ್ಗಿಸಿದೆ. ಹುಡುಗನ ತಾಯಿ ಚಹಾದ ಬಸಿ ಬದಿಗಿಟ್ಟು, ಗಂಡಸರ ಕಡೆ ಬೆನ್ನು ಮಾಡಿ, ನರ್ಸಬಾಯಿಯ ಹತ್ತಿರ ಸರಿದು ಮುಖ ಎತ್ತಿದರು.

"ನಂದೂ ಒಂದೀಟು ನೋಡ್ರಿ. ನನ್ನೂ ಹಾಲಿನಂಗ ಅದಾಳಂತನ ಸೊಸಿ ಮಾಡ್ಕೊಂಡಿದ್ರು."