ಮಾದರಿ ಮಹಜರಿನ ಬೇವಿನ ಮರ

ಮಾನ್ಯ ಓದುಗರಲ್ಲಿ ವಿನಮ್ರ ನಿವೇದನೆ. ನನ್ನ ಕಾಗುಣಿತವೂ ಕೈಬರಹವೂ ಚೆನ್ನಾಗಿಲ್ಲ. ಮೊದಲಿಗೇ ಕ್ಷಮೆ ಕೋರುತ್ತೇನೆ. ಇದುವರೆಗೆ ಇಲಾಖೆಯ ಪತ್ರಗಳನ್ನು ಬಿಟ್ಟು ಬೇರೇನನ್ನೂ ಬರೆದವನಲ್ಲ. ಆದ್ದರಿಂದ ಇದೂ ಅದೇ ಧಾಟಿಯಲ್ಲಿದೆ.

ಯಲಹಂಕದ ಕಡೆಯ ಒಂದು ತರಬೇತಿ ಶಾಲೆಯಲ್ಲಿ ನಾನು ಹೊಸ ಸಬ್ ಇನ್ಸ್‌ಪೆಕ್ಟರುಗಳಿಗೆ ತನಿಖೆಯ ಮೊದಲ ಪಾಠಗಳನ್ನು ಹೇಳಿಕೊಡುತ್ತೇನೆ. ಅವುಗಳಲ್ಲಿ ಮುಖ್ಯವಾದುದು ಸ್ಥಳ ಮಹಜರು. ಅಂದರೆ ಕೃತ್ಯ ನಡೆದ ಜಾಗದಲ್ಲಿ ನಿಂತು, ಇಬ್ಬರು ಪಂಚರ ಸಮಕ್ಷಮ, ಕಂಡದ್ದನ್ನು ಕಂಡಂತೆ ಬರೆಯುವುದು. ಮೊದಲ ವರ್ಷ ಅದರದೊಂದು ಮಾದರಿ ತಯಾರಿಸಿದೆ. ನಾಲ್ಕು ದಿಕ್ಕಿಗೂ ಏನೇನಿದೆ ಎಂದು ಹೇಳುವ ಚಕ್ಕುಬಂದಿಯಲ್ಲಿ ಪೂರ್ವಕ್ಕೆ ಏನು ಹಾಕಲಿ ಎಂದು ಕಿಟಕಿಯಾಚೆ ನೋಡಿದಾಗ ಮೈದಾನದ ಅಂಚಿನ ಬೇವಿನ ಮರ ಕಂಡಿತು. ಅದನ್ನೇ ಬರೆದೆ. ಮುಂದೆ ಪ್ರತಿ ತಂಡಕ್ಕೂ ಅದನ್ನೇ ಹೇಳಿ ಬರೆಸಿದೆ.

ಕೆಂಪಾಪುರದಲ್ಲಿದ್ದ ನನ್ನ ತಮ್ಮನಿಗೆ ಹೆಬ್ಬಾಳದ ಸರ್ವಿಸ್ ರಸ್ತೆಯಲ್ಲಿ ನೀರಿನ ಟ್ಯಾಂಕರ್ ಗುದ್ದಿತು. ಆತ ಸ್ಥಳದಲ್ಲಿಯೇ ಮೃತಪಟ್ಟನು. ತನಿಖಾಧಿಕಾರಿ ನನ್ನ ಹಳೆಯ ವಿದ್ಯಾರ್ಥಿ. ಶವಾಗಾರದ ಹೊರಗೆ ಮಹಜರಿನ ಪ್ರತಿಯನ್ನು ಕೈಗಿತ್ತು, "ನೀವ್ ಕಲ್ಸಿದ್ ಹಾಗೇ ಬರ್ದಿದೀನಿ ಸಾರ್, ಒಂದ್ಸಲ ನೋಡ್ಬಿಡಿ" ಎಂದನು. ಓದಿದೆ. ಟ್ಯಾಂಕರಿನ ಚಕ್ರ ಫುಟ್‌ಪಾತ್ ಹತ್ತಿದ ಗುರುತು ಅದರಲ್ಲಿತ್ತು. ಪೂರ್ವಕ್ಕೆ ಬೇವಿನ ಮರವೂ ಇತ್ತು. ನನಗೆ ಏನೂ ಅನಿಸಲಿಲ್ಲ. "ಸರಿಯಾಗಿದೆ" ಎಂದು ಹೇಳಿ ಹಿಂದಿರುಗಿಸಿದೆ.

ಕಣ್ಣಾರೆ ಕಂಡವರು ಯಾರೂ ಸಿಗಲಿಲ್ಲವಾದ್ದರಿಂದ ಚಾಲಕನ ತಪ್ಪಿಗೆ ಆ ಚಕ್ರದ ಗುರುತೊಂದೇ ಆಧಾರವಾಗಿ ಉಳಿಯಿತು. ನ್ಯಾಯಾಲಯದಲ್ಲಿ ಚಾಲಕನ ಪರ ವಕೀಲರು ಆ ರಸ್ತೆಯ ಫೋಟೋಗಳನ್ನು ಹಾಜರುಪಡಿಸಿದರು.

"ಮರ ಎಲ್ಲಿದೆ, ತೋರ್ಸಿ ಇನ್ಸ್‌ಪೆಕ್ಟ್ರೇ."

ನನ್ನ ವಿದ್ಯಾರ್ಥಿ ಫೋಟೋಗಳನ್ನು ಒಂದೊಂದಾಗಿ ತಿರುವಿ ನೋಡಿದನು.

"ಇಲ್ದೇ ಇರೋ ಮರ ಕಂಡಿದೆ ನಿಮ್ಗೆ. ಚಕ್ರದ್ ಗುರ್ತೂ ಹಂಗೇ ಕಂಡಿರ್ಬೇಕು. ಸ್ಟೇಷನ್ನಲ್ಲೇ ಕೂತ್ ಬರ್ದ್ರಾ?"

ಸಂಶಯದ ಲಾಭ ದೊರೆತು ಚಾಲಕನು ಖುಲಾಸೆಯಾದನು. ಹೊರಗಿನ ಬೆಂಚಿನ ಮೇಲೆ ತಮ್ಮನ ಹೆಂಡತಿ ಕೇಳಿದಳು: "ಅದ್ಯಾವ್ ಮರ ಭಾವ?"

"ನಮ್ ಶಾಲೇದು" ಎಂದೆ.

ಆಕೆಗೆ ಅರ್ಥವಾಗಲಿಲ್ಲ. ವಿವರಿಸಿ ಹೇಳಿದೆ. ಎಲ್ಲವನ್ನೂ ಕೇಳಿ, "ನೀವ್ ಓದಿದ್ರಲ್ಲ" ಎಂದಷ್ಟೇ ಹೇಳಿ ಬಸ್ಸಿಗೆ ಹೊರಟಳು. ಅನಂತರ ನಮ್ಮ ಮನೆಗೆ ಬಂದಿಲ್ಲ.

ಮುಂದಿನ ತಂಡಕ್ಕೆ ನಾನು ಮಾದರಿಯನ್ನು ಕೊಡಲಿಲ್ಲ. ಅವರನ್ನು ಅದೇ ಸರ್ವಿಸ್ ರಸ್ತೆಗೆ ಕರೆದೊಯ್ದು ಕಂಡದ್ದನ್ನು ಬರೆಯಲು ತಿಳಿಸಿದೆ. ನನ್ನ ತಮ್ಮನ ವಿಷಯ ಹೇಳಲಿಲ್ಲ. ಪೂರ್ವಕ್ಕೆ ಇದ್ದದ್ದು ಮುಚ್ಚಿದ ಪಂಕ್ಚರ್ ಅಂಗಡಿ ಮತ್ತು ಚರಂಡಿಯ ಕಲ್ಲುಚಪ್ಪಡಿ. ಹಾಳೆಗಳನ್ನು ತಿದ್ದುವಾಗ ಮೂವರು ಬೇವಿನ ಮರ ಬರೆದಿರುವುದು ಕಂಡುಬಂತು. ಅವರಲ್ಲೊಬ್ಬಳನ್ನು ವಿಚಾರಿಸಿದೆ.

"ಸೀನಿಯರ್ಸ್ ನೋಟ್ಸಲ್ಲಿ ಇತ್ತು ಸಾರ್. ನೀವೇ ಬರ್ಸಿದ್ದಂತೆ."

ಪಕ್ಕದವನು ಮೆಲ್ಲಗೆ, "ಒಂದ್ ಗಿಡ ನೆಟ್ಟಾದ್ರೂ ಬರ್ಬೇಕಿತ್ತು ಕಣೇ" ಎಂದನು. ಎಲ್ಲರೂ ನಕ್ಕರು. ಆ ಮೂವರನ್ನು ಅನುತ್ತೀರ್ಣಗೊಳಿಸಿ, ಮತ್ತೆ ಅಲ್ಲಿಗೇ ಕರೆದೊಯ್ದೆ. ಈಗ ಪ್ರತಿ ತಂಡವನ್ನೂ ಕರೆದೊಯ್ಯುತ್ತೇನೆ. ಅಲ್ಲಿ ನಿಂತಾಗಲೂ ನನಗೆ ಏನೂ ಅನಿಸುವುದಿಲ್ಲ. ಎದುರಿಗಿರುವುದನ್ನು ಒಂದೊಂದಾಗಿ ಗಟ್ಟಿಯಾಗಿ ಹೇಳಿಸುತ್ತೇನೆ.

ಈ ಬರಹವನ್ನು ನಾನು ಎರಡು ಸಲ ಓದಿದ್ದೇನೆ. ನನ್ನ ಓದನ್ನು ನಂಬಲಾಗದು. ಇದರಲ್ಲಿ ತಪ್ಪು ಕಂಡುಬಂದಲ್ಲಿ, ಸರಿಯಾಗಿದೆ ಎಂದು ಹಿಂದಿರುಗಿಸದೆ, ದಯವಿಟ್ಟು ತಿದ್ದಬೇಕಾಗಿ ಕೋರುತ್ತೇನೆ.