ಎರಡು ಗಂಟೆ ಎಂದರೆ ಎರಡೇ ಗಂಟೆ

ಏಲಕ್ಕಿಯ ವಾಸನೆ ಮೂಗಿಗೆ ಬಿದ್ದರೆ ಮೈಸೂರಿನ ಹೆಂಗಸಿಗೆ ಪಾಯಸ ನೆನಪಾಗಬೇಕು, ಹೋಳಿಗೆಯ ಹೂರಣ ನೆನಪಾಗಬೇಕು. ಹೋದ ತಿಂಗಳು ಶಿಕಾಗೋದಲ್ಲಿ, ಸ್ವೀಡನ್ನಿನವರ ಹಳೆಯ ಬೇಕರಿಯೊಂದರ ಬಾಗಿಲನ್ನು ಯಾರೋ ತೆರೆದಾಗ ಆ ವಾಸನೆ ಬೀದಿಗೆ ಬಂತು. ನನಗೆ ನೆನಪಾದದ್ದು ಮಿಶಿಗನ್ನಿನ ನಾರ್ತ್‌ವಿಲ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಫಿನ್ಲೆಂಡಿನ ಅಜ್ಜ. ಕಾಲು ತಾನಾಗಿ ನಿಂತಿತು. ಹಿಂದೆ ಬರುತ್ತಿದ್ದವರು ನನ್ನನ್ನು ಬಳಸಿಕೊಂಡು ಮುಂದೆ ಹೋದರು.

ಅಜ್ಜ ಎಂಬುದು ನಮ್ಮ ಮನೆಯೊಳಗಿನ ಮಾತು. ಎದುರಿಗೆ ಕರೆಯುತ್ತಿದ್ದದ್ದು ಅಂಕಲ್ ಎಂದೇ. ಮೊದಲ ಸಲ ಹಾಗೆ ಕರೆದಾಗ ಅವರು ಸ್ವಲ್ಪ ಹೊತ್ತು ಯೋಚಿಸಿ, "ನಿಮ್ಮ ತಂದೆಗೂ ನನಗೂ ಯಾವ ಸಂಬಂಧವೂ ಇಲ್ಲವಲ್ಲ" ಎಂದಿದ್ದರು. ತಮಾಷೆಗಲ್ಲ, ತಪ್ಪು ತಿದ್ದುವ ಮೇಷ್ಟರ ಹಾಗೆ. ನಮ್ಮಲ್ಲಿ ಹಿರಿಯರನ್ನು ಹೆಸರು ಹಿಡಿದು ಕರೆಯುವುದಿಲ್ಲ ಎಂದು ವಿವರಿಸಿದೆ. ಇನ್ನೂ ಸ್ವಲ್ಪ ಹೊತ್ತು ಯೋಚಿಸಿ "ಸರಿ" ಎಂದರು. ಆಮೇಲೆ ಆ ವಿಷಯ ಎತ್ತಲೇ ಇಲ್ಲ.

ನಾನಾಗ ಡಿಪೆಂಡೆಂಟ್ ವೀಸಾದ ಮೇಲೆ ಬಂದವಳು. ಕೆಲಸಕ್ಕೆ ಸೇರುವ ಹಾಗಿಲ್ಲ. ಇದ್ದದ್ದು ಒಂದೇ ಕಾರು, ಅದು ಬೆಳಿಗ್ಗೆ ಎಂಟಕ್ಕೆಲ್ಲ ಗಂಡನ ಜೊತೆ ಹೊರಟುಹೋಗುತ್ತಿತ್ತು. ಆಮೇಲೆ ಆ ಬಡಾವಣೆಯಲ್ಲಿ ನರಪಿಳ್ಳೆಯ ಸದ್ದಿಲ್ಲ. ಪಾತ್ರೆ ತೊಳೆದು, ತೊಳೆದದ್ದನ್ನೇ ಒರೆಸಿ, ಕಿಟಕಿಯಲ್ಲಿ ನಿಂತರೆ ಪಕ್ಕದ ಮನೆಯ ಕಿಟಕಿಯಲ್ಲಿ ಅಜ್ಜ ನಿಂತಿರುತ್ತಿದ್ದರು. ಕಾರಿನ ಕಾರ್ಖಾನೆಯಲ್ಲಿ ಲೋಹದ ಅಚ್ಚು ಮಾಡುವ ಕೆಲಸದಲ್ಲಿದ್ದು ನಿವೃತ್ತರಾದವರು. ಹೆಂಡತಿ ಸ್ವೀಡನ್ನಿನವರು, ನಾವು ಪಕ್ಕದ ಮನೆಗೆ ಬರುವ ಮೊದಲೇ ತೀರಿಕೊಂಡಿದ್ದರು. ಯಾವಾಗ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಸರಿಯಾಗಿ ಪರಿಚಯವಾದದ್ದು ನಮ್ಮ ಮನೆಯ ಸತ್ಯನಾರಾಯಣ ಪೂಜೆಯ ದಿನ. ಸಂಜೆ ಆರೂವರೆಗೆ ಬನ್ನಿ ಎಂದು ಎಲ್ಲರಿಗೂ ಹೇಳಿದ್ದೆವು. ನಮ್ಮ ಜನಕ್ಕೆ ಆರೂವರೆ ಎಂದರೆ ಸ್ನಾನಕ್ಕೆ ಹೋಗುವ ಹೊತ್ತು. ಆರೂವರೆಗೆ ಬೆಲ್ ಆಯಿತು. ನಾನಿನ್ನೂ ನೈಟಿಯಲ್ಲಿದ್ದೆ, ತಲೆಗೆ ಟವೆಲ್ಲು, ಒಲೆಯ ಮೇಲೆ ಬೋಂಡಾಕ್ಕೆ ಎಣ್ಣೆ. ಬಾಗಿಲಲ್ಲಿ ಇಸ್ತ್ರಿಯ ಅಂಗಿ ತೊಟ್ಟ ಅಜ್ಜ, ಕೈಯಲ್ಲಿ ಒಂದು ಹೂವಿನ ಕುಂಡ. ಐದು ನಿಮಿಷ ಮೊದಲೇ ಬಂದು, ಗಡಿಯಾರ ನೋಡುತ್ತ ನಮ್ಮ ಮೇಲ್‌ಬಾಕ್ಸ್ ಹತ್ತಿರ ನಿಂತಿದ್ದರಂತೆ. ಎರಡನೆಯ ಅತಿಥಿ ಬಂದದ್ದು ಎಂಟೂಕಾಲಿಗೆ. ಅಲ್ಲಿಯವರೆಗೆ ಅಷ್ಟೂ ಖಾಲಿ ಕುರ್ಚಿಗಳ ನಡುವೆ ಅವರೊಬ್ಬರೇ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು. ನಮ್ಮಲ್ಲಿ ಹೇಳಿದ ಹೊತ್ತಿಗೆ ಬರುವವನು ಅಡುಗೆಯವನೊಬ್ಬನೇ ಎಂದು ಆಮೇಲೊಮ್ಮೆ ಅವರಿಗೆ ಹೇಳಿದೆ. ನಗಲಿಲ್ಲ. "ಹಾಗಿದ್ದರೆ ಆರೂವರೆ ಅಂತ ಯಾಕೆ ಹೇಳಿದಿರಿ?" ಎಂದು ಕೇಳಿದರು.

ಅಲ್ಲಿಂದ ಮಧ್ಯಾಹ್ನದ ಹೊತ್ತು ಅವರ ವರಾಂಡದಲ್ಲಿ ಹೋಗಿ ಕೂರುವುದು ರೂಢಿಯಾಯಿತು. ಅವರೂ ಇಂಗ್ಲಿಷನ್ನು ದೊಡ್ಡವರಾದ ಮೇಲೆ ಕಲಿತವರು, ನಾನೂ ಅಷ್ಟೇ. ಹಾಗಾಗಿ ಯಾರಿಗೂ ಸಂಕೋಚವಿಲ್ಲ. ಅಮೆರಿಕದವರ ಕಣ್ಣಿಗೆ ಉತ್ತರ ಯುರೋಪಿನ ತಾವೆಲ್ಲ ಒಂದೇ ಎಂಬುದು ಅವರಿಗಿದ್ದ ಒಂದೇ ದೂರು. ಸ್ವೀಡನ್ನಿನವರು ಒಂದು ಕಪ್ ಕಾಫಿ ಕುಡಿಯಬೇಕಾದರೂ ಕೋಣೆಯಲ್ಲಿದ್ದವರೆಲ್ಲ ಒಪ್ಪಬೇಕು, ಅವರು 'ನೋಡೋಣ' ಎಂದರೆ ಆಗುವುದಿಲ್ಲ ಎಂದೇ ತಿಳಿಯಬೇಕು. ನಾರ್ವೆಯವರು ಯಾವ ದುಃಖಕ್ಕೂ ಬೆಟ್ಟ ಹತ್ತಿ ಬಾ ಎನ್ನುತ್ತಾರೆ. ಡೆನ್ಮಾರ್ಕಿನವರು ಊಟಕ್ಕೆ ಕೂತರೆ ಏಳುವುದಿಲ್ಲ, ಸಾವಿನ ಮನೆಯಲ್ಲೂ ಒಂದು ನಗೆಚಾಟಿಕೆ ಹುಡುಕುತ್ತಾರೆ. ಇನ್ನು ತಮ್ಮವರು…

"ಫಿನ್ಲೆಂಡಿನವನು ಮಾತಾಡುವುದಿಲ್ಲ. ಆದರೆ ಬರುತ್ತೇನೆ ಅಂದರೆ ಬಂದ. ಬರಲಿಲ್ಲ ಅಂದರೆ ಸತ್ತಿದ್ದಾನೆ ಅಂತ ಅರ್ಥ."

ಇಷ್ಟು ಹೇಳಿ, ಇದೆಲ್ಲ ಶುದ್ಧ ಸುಳ್ಳು, ನನ್ನ ಹೆಂಡತಿ ಸ್ವೀಡನ್ನಿನವಳು, ಯಾರನ್ನೂ ಕೇಳದೆ ಅರ್ಧ ನಿಮಿಷದಲ್ಲಿ ಈ ಮನೆ ಕೊಂಡಳು ಎಂದು ತಾವೇ ಸೇರಿಸುತ್ತಿದ್ದರು. ಏಲಕ್ಕಿ ಹಾಕಿದ ಬ್ರೆಡ್ಡು ಯಾರ ದೇಶದ್ದು ಎಂದು ಗಂಡ ಹೆಂಡಿರ ನಡುವೆ ನಲವತ್ತು ವರ್ಷ ವಾದ ನಡೆದಿತ್ತಂತೆ. ಏಲಕ್ಕಿ ಬೆಳೆಯುವವರು ನಾವು, ನೀವಿಬ್ಬರೂ ಸುಮ್ಮನಿರಿ ಎಂದೆ. ಅಜ್ಜ ನಕ್ಕದ್ದನ್ನು ನಾನು ನೋಡಿದ್ದು ಅವತ್ತು ಮಾತ್ರ.

ನನ್ನ ಪಾಲಿನ ದೇಶಗಳನ್ನೂ ನಾನು ವಿವರಿಸುತ್ತಿದ್ದೆ. ನನ್ನದು ಮೈಸೂರು, ಗಂಡನದು ಧಾರವಾಡ. ಧಾರವಾಡದವರು ಜಗಳದ ದನಿಯಲ್ಲೇ ಊಟಕ್ಕೆ ಕರೆಯುತ್ತಾರೆ, ನಾವು ಊಟಕ್ಕೆ ಕರೆಯುವ ದನಿಯಲ್ಲೇ ಜಗಳ ಆಡುತ್ತೇವೆ ಎಂದಾಗ ಅವರು ತಲೆದೂಗಿ, ಹಾಗಾದರೆ ನೀವೇ ಸ್ವೀಡನ್ನಿನವರು ಎಂದು ತೀರ್ಪು ಕೊಟ್ಟರು. ಮಾತು ಮುಗಿದ ಮೇಲೆ ಸುಮ್ಮನೆ ಕೂತಿರುತ್ತಿದ್ದೆವು. ಆ ಮೌನ ಮೊದಲು ನನಗೆ ಉಸಿರು ಕಟ್ಟಿಸುತ್ತಿತ್ತು. ಸುಮ್ಮನಿದ್ದರೆ ಸಿಟ್ಟು ಅಂತ ತಿಳಿಯಬೇಡಿ, ನಮ್ಮವರು ಜೊತೆಗಿರುವುದೇ ಹೀಗೆ ಎಂದು ಅವರೇ ಹೇಳಿಕೊಟ್ಟರು. ನಾನು ಆ ಪಾಠವನ್ನು ಚೆನ್ನಾಗಿಯೇ ಕಲಿತೆ. ಬೇಕಾದ್ದಕ್ಕಿಂತ ಚೆನ್ನಾಗಿ.

"ಏನಂದ್ರು ಇವತ್ತ ನಿಮ್ಮ ಅಜ್ಜಾರು?" ಎಂದು ಸಂಜೆ ಗಂಡ ಕೇಳುತ್ತಿದ್ದ.

"ಏನೂ ಅನ್ನಲಿಲ್ಲ."

"ಮತ್ತ ಎರಡು ತಾಸು ಏನ್ ಮಾಡಿದ್ರಿ?"

"ಸುಮ್ನೆ ಕೂತಿದ್ವಿ."

ಅವನು ಬಿದ್ದು ಬಿದ್ದು ನಗುತ್ತಿದ್ದ. ಅವನಿಗೆ ಆಫೀಸಿತ್ತು, ಮೀಟಿಂಗಿತ್ತು, ಊಟಕ್ಕೆ ಜೊತೆಗಾರರಿದ್ದರು. ಇಡೀ ದಿನದಲ್ಲಿ ನನಗಿದ್ದದ್ದು ಆ ಎರಡು ತಾಸು ಮಾತ್ರ.

ನವೆಂಬರಿನ ಒಂದು ಬುಧವಾರ ಅಜ್ಜ ನಮ್ಮ ಬಾಗಿಲಿಗೆ ಬಂದರು. ಹಾಗೆ ಬರುವವರೇ ಅಲ್ಲ. ಒಳಗೆ ಬನ್ನಿ ಎಂದರೆ ಬರಲಿಲ್ಲ. ಟೋಪಿ ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲೇ ನಿಂತು ಕೇಳಿದರು: "ಶನಿವಾರ ಎರಡು ಗಂಟೆಗೆ ಕಾಫಿಗೆ ಬರುತ್ತೀರಾ?"

"ಅಯ್ಯೋ, ಖಂಡಿತ ಬರ್ತೀನಿ ಅಂಕಲ್," ಎಂದೆ.

ಈ 'ಖಂಡಿತ' ನಮ್ಮ ನಾಲಗೆಯ ತುದಿಯಲ್ಲೇ ಇರುತ್ತದೆ. ಮದುವೆಯ ಕಾಗದ ತಂದವರಿಗೆ, ಬಸ್ಸಿನಲ್ಲಿ ಸಿಕ್ಕಿ ಮನೆಗೆ ಬನ್ನಿ ಎಂದವರಿಗೆ, ಎಲ್ಲರಿಗೂ ಖಂಡಿತ ಬರ್ತೀವಿ. ಕರೆದವರ ಮುಖ ಬಾಡಬಾರದು, ಅಷ್ಟೇ. ಹೋಗದಿದ್ದರೆ ಯಾರೂ ದೂರುವುದಿಲ್ಲ, ಇನ್ನೊಮ್ಮೆ ಸಿಕ್ಕಾಗ "ಬರ್ಲೇ ಇಲ್ವಲ್ರೀ" ಎಂದು ರೇಗಿಸಿದರೆ ಮುಗಿಯಿತು. ಅಜ್ಜ ಟೋಪಿ ಹಾಕಿಕೊಂಡು, "ಎರಡು ಗಂಟೆ" ಎಂದು ಮತ್ತೊಮ್ಮೆ ಹೇಳಿ ಹೋದರು.

ಶನಿವಾರ ಹನ್ನೆರಡಕ್ಕೆ ವೆಸ್ಟ್ ಬ್ಲೂಮ್‌ಫೀಲ್ಡಿನ ಕನ್ನಡದ ಆಂಟಿಯೊಬ್ಬರು ಫೋನ್ ಮಾಡಿದರು. ದೊಡ್ಡ ಮನೆ, ದೊಡ್ಡ ಬಳಗ, ನನ್ನಂಥವಳನ್ನು ಕರೆಯುವುದೇ ಅಪರೂಪ. "ಅರಿಶಿನ ಕುಂಕುಮಕ್ಕೆ ಬಂದ್ಬಿಡಮ್ಮ. ನಿನ್ನ ಪಿಕಪ್ ಮಾಡೋಕೆ ನಾನೇ ಡ್ರೈವ್ ಮಾಡ್ಕೊಂಡ್ ಬರ್ತೀನಿ," ಎಂದರು. ಆರು ತಿಂಗಳಿಂದ ಹೆಂಗಸರ ಗುಂಪಿನಲ್ಲಿ ಕೂತು ಕನ್ನಡ ಮಾತಾಡಿರದ ನನಗೆ ರೇಷ್ಮೆ ಸೀರೆ ಉಡಲು ಹತ್ತು ನಿಮಿಷ ಸಾಕಾಯಿತು. ಅಜ್ಜ ನೆನಪಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ನೆನಪಾದರು. ಅಜ್ಜ ಎಲ್ಲಿ ಹೋಗ್ತಾರೆ, ನಾಳೆ ಹೋದರಾಯಿತು ಎಂದುಕೊಂಡೆ. ಫೋನು ಕೂಡ ಮಾಡಲಿಲ್ಲ. ಕಾರು ಹೊರಡುವಾಗ ಅಜ್ಜನ ಅಡುಗೆಮನೆಯ ದೀಪ ಹತ್ತಿತ್ತು.

ಮಾರನೆಯ ದಿನ ಒಂದು ಡಬ್ಬಿ ಕೋಡುಬಳೆ ಹಿಡಿದು ಹೋದೆ. ಬಾಗಿಲು ತೆರೆದು ನನ್ನನ್ನು ನೋಡಿ, "ಇವತ್ತು ಭಾನುವಾರ" ಎಂದರು. ಅಷ್ಟೇ. ಹೌದು ಅಂಕಲ್, ನಿನ್ನೆ ಏನೋ ಕೆಲಸ ಬಂತು ಎಂದೆ. ಒಳಗೆ ಕರೆದು ಕಾಫಿ ಕೊಟ್ಟರು. ಮೇಜಿನ ಮೇಲೆ ಜಡೆಯಂತೆ ಹೆಣೆದು ಬೇಯಿಸಿದ ಏಲಕ್ಕಿ ಬ್ರೆಡ್ಡಿತ್ತು. ಪೂರ್ತಿ, ಒಂದು ಕಡೆಯೂ ಕುಯ್ದಿರಲಿಲ್ಲ. ಅದನ್ನು ಹಾಗೇ ಕಾಗದದಲ್ಲಿ ಸುತ್ತಿ ನನ್ನ ಕೈಗಿತ್ತರು. ಅರ್ಧ ಗಂಟೆ ಇಬ್ಬರೂ ಮಾತಿಲ್ಲದೆ ಕೂತೆವು. ಜೊತೆಗಿರುವುದೇ ಹೀಗೆ ಎಂದು ಅವರೇ ಹೇಳಿಕೊಟ್ಟಿದ್ದರಲ್ಲ… ನಾನು ನೆಮ್ಮದಿಯಿಂದ ಮನೆಗೆ ಬಂದು ಬ್ರೆಡ್ಡಿಗೆ ತುಪ್ಪ ಸವರಿಕೊಂಡು ತಿಂದೆ.

ಆ ಚಳಿಗಾಲ ಹತ್ತು ಡಿಗ್ರಿ ಫ್ಯಾರನ್‌ಹೀಟಿಗೆ, ನಮ್ಮ ಊರಿನ ಲೆಕ್ಕದಲ್ಲಿ ಮೈನಸ್ ಹನ್ನೆರಡಕ್ಕೆ, ಇಳಿದ ದಿನವೂ ನಾವು ಏಳುವ ಮೊದಲೇ ಅಜ್ಜ ನಮ್ಮ ಮನೆಯ ಮುಂದಿನ ಹಿಮ ಬಳಿದು ಸ್ವಚ್ಛ ಮಾಡಿರುತ್ತಿದ್ದರು. ಸಿಟ್ಟಿದ್ದರೆ ಹಿಮ ಬಳಿಯುತ್ತಾರೆಯೇ ಎಂದು ನಾನು ಇನ್ನಷ್ಟು ನಿಶ್ಚಿಂತೆಯಾದೆ. ಆದರೆ ಅವರು ಮತ್ತೆ ಕಾಫಿಗೆ ಕರೆಯಲಿಲ್ಲ. ನಾನೂ ಕನ್ನಡ ಸಂಘದ ನಾಟಕ, ತಾಲೀಮು ಎಂದು ವೆಸ್ಟ್ ಬ್ಲೂಮ್‌ಫೀಲ್ಡಿನವರ ಕಾರಿನಲ್ಲಿ ಓಡಾಡತೊಡಗಿದ್ದೆ. ಏಪ್ರಿಲಿನಲ್ಲಿ ಒಂದು ಬೆಳಿಗ್ಗೆ ಆಂಬುಲೆನ್ಸ್ ಬಂತು. ನಾಲ್ಕು ದಿನಕ್ಕೆ ಅಜ್ಜ ಹೋದರು.

ಮನೆ ಖಾಲಿ ಮಾಡಲು ಆರೆಗಾನಿನಿಂದ ಮಗಳು ಬಂದರು. ನನ್ನನ್ನು ಕಂಡೊಡನೆ ಎರಡೂ ಕೈ ಹಿಡಿದುಕೊಂಡರು. "ಆ ಶನಿವಾರಕ್ಕೆ ನಿಮಗೆ ಥ್ಯಾಂಕ್ಸ್ ಹೇಳಬೇಕಿತ್ತು," ಎಂದರು.

ಯಾವ ಶನಿವಾರ ಎಂದು ನಾನು ಕೇಳಲಿಲ್ಲ.

"ಅಮ್ಮ ಹೋಗಿ ಅವತ್ತಿಗೆ ಒಂದು ವರ್ಷ. ನನಗೆ ಬರಲು ಆಗಿರಲಿಲ್ಲ, ಅಪ್ಪ ಒಬ್ಬರೇ ಇರುತ್ತಾರಲ್ಲ ಅಂತ ಅವತ್ತು ರಾತ್ರಿ ಅಳುತ್ತ ಫೋನ್ ಮಾಡಿದೆ. ಒಬ್ಬನೇ ಇರಲಿಲ್ಲ, ಪಕ್ಕದ ಮನೆಯವರು ಸರಿಯಾಗಿ ಎರಡು ಗಂಟೆಗೆ ಬಂದಿದ್ದರು, ನಾಲ್ಕರವರೆಗೆ ಕೂತಿದ್ದರು, ನಿಮ್ಮಮ್ಮನ ಬ್ರೆಡ್ಡನ್ನು ಎರಡು ತುಂಡು ತಿಂದರು ಅಂತ ಅಪ್ಪ ಅಂದರು."

ಆಡಿದ ಮಾತಿಗೆ ಒಂದು ನಿಮಿಷ ಹಿಂದೆ ಮುಂದೆ ಆಗದ ಮನುಷ್ಯ. ಅಂಕಲ್ ಎಂದರೂ ಸಂಬಂಧವಿಲ್ಲವಲ್ಲ ಎಂದು ತಿದ್ದಿದ ಮನುಷ್ಯ. ಮಗಳು ಅಳದಿರಲಿ ಎಂದೋ, ನನ್ನ ಮಾನ ಹೋಗದಿರಲಿ ಎಂದೋ, ಗೊತ್ತಿಲ್ಲ… ನನಗಾಗಿ ಸುಳ್ಳಾಡಿದ್ದರು. ನಿಜ ಹೇಳಲು ನಾನು ಬಾಯಿ ತೆರೆದೆ. ಮಗಳ ಮುಖ ನೋಡಿ ಮುಚ್ಚಿದೆ. ನನ್ನ ಮೌನವನ್ನು ಅವರು ದುಃಖವೆಂದುಕೊಂಡರು, ಮತ್ತೊಮ್ಮೆ ಕೈ ಒತ್ತಿದರು.

ವರ್ಷದ ದಿನ ಎಂದರೆ ನಮ್ಮ ಕಡೆ ಮನೆ ತುಂಬ ಜನ. ಪುರೋಹಿತರು, ನೆಂಟರು, ಬೀದಿಯವರು, ಎಲೆಯ ಮೇಲೆ ವಡೆ. ಅಜ್ಜ ಇಡೀ ಊರಿನಲ್ಲಿ ಒಬ್ಬಳನ್ನು ಕರೆದಿದ್ದರು. ಕಾರಣ ಹೇಳಿದರೆ ಬಲವಂತ ಮಾಡಿದ ಹಾಗಾಗುತ್ತದೆ ಎಂದು ಅದನ್ನೂ ಹೇಳಿರಲಿಲ್ಲ.

ಈಗ ನಾವಿರುವುದು ಶಿಕಾಗೋ ಹತ್ತಿರದ ಇಟಾಸ್ಕಾದಲ್ಲಿ. ನನಗೂ ಆಫೀಸಿದೆ, ನನ್ನದೇ ಕಾರಿದೆ. ಗಂಡ ಕೆಲಸದ ಮೇಲೆ ವಾರದಲ್ಲಿ ನಾಲ್ಕು ದಿನ ಬೇರೆ ಊರಿನ ಹೋಟೆಲಿನಲ್ಲಿರುತ್ತಾನೆ. ನಮ್ಮ ಹಿಂದಿನ ಬೀದಿಯ ಹೋಟೆಲುಗಳಲ್ಲಿ ಬೇರೆ ಊರಿನ ಗಂಡಂದಿರಿರುತ್ತಾರೆ. ಯಾರಾದರೂ ಒಮ್ಮೆ ಮನೆಗೆ ಬನ್ನಿ ಎಂದರೆ ಯಾವತ್ತು, ಎಷ್ಟು ಹೊತ್ತಿಗೆ ಎಂದು ಕೇಳುತ್ತೇನೆ. ಹೇಳಿದ ಹೊತ್ತಿಗೆ ಹೋಗಿ ನೈಟಿಯಲ್ಲಿದ್ದವರನ್ನು ಗಾಬರಿಪಡಿಸುತ್ತೇನೆ. "ಇವರಿಗೆ ಏನಾಗಿದೆ ರೀ?" ಎಂದು ಸಂಘದಲ್ಲಿ ನಗುತ್ತಾರೆ. ಕರೆಯುವವರೂ ಕಡಿಮೆಯಾಗಿದ್ದಾರೆ.

ಬೇಕರಿಯಲ್ಲಿ ಒಂದು ಜಡೆಯ ಬ್ರೆಡ್ಡು ಕೊಂಡೆ. ಅವತ್ತು ಶನಿವಾರ. ಮನೆಗೆ ಬಂದಾಗ ಒಂದೂ ಮುಕ್ಕಾಲು. ಕಾಫಿ ಮಾಡಿ ಕಾದೆ. ಎರಡಾದ ಮೇಲೆ ಮೇಜಿನ ಮುಂದೆ ಕೂತು ಒಂದು ತುಂಡು ತಿಂದೆ, ಆಮೇಲೆ ಇನ್ನೊಂದು ತುಂಡು ತಿಂದೆ. ಫೋನು ಮುಟ್ಟಲಿಲ್ಲ, ಟಿವಿ ಹಾಕಲಿಲ್ಲ. ನಾಲ್ಕು ಹೊಡೆಯುವವರೆಗೆ ಕೂತಿದ್ದು, ಆಮೇಲೆ ಎದ್ದು ಲೋಟ ತೊಳೆದಿಟ್ಟೆ.